ಮತ್ತೂರಿನ ದಾರಿಯಲ್ಲಿ ಯಿಡ್ಡಿಶ್ ಮೊದಲ ಪಾಠ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಯಿಡ್ಡಿಶ್. ಯುರೋಪಿನ ಯಹೂದಿಗಳು ಸುಮಾರು ಸಾವಿರ ವರ್ಷ ಆಡಿದ ಮನೆಮಾತು. ಕೆಲವು ತಿಂಗಳಿಂದ ಫೋನಿನಲ್ಲಿ, ಡ್ಯುಯೊಲಿಂಗೊ ಆ್ಯಪ್ ಇಟ್ಟುಕೊಂಡು ಇದನ್ನ ಕಲೀತಾ ಇದೀನಿ. ಆ ಆ್ಯಪ್‌ಗೆ ಯಿಡ್ಡಿಶ್ ಬಂದದ್ದು 2021ರಲ್ಲಿ. ಭದ್ರಾವತಿಯವನಿಗೆ, ಅದೂ ಬಿ.ಕಾಂ ಓದಿದವನಿಗೆ, ಯಿಡ್ಡಿಶ್ ಯಾಕೆ ಅಂತ ಕೇಳಿದವರು ತುಂಬಾ ಜನ. ಕೆಲಸ ಸಿಗುತ್ತಾ, ವೀಸಾ ಸಿಗುತ್ತಾ ಅಂತಾನೂ ಕೇಳಿದ್ರು. ಎರಡೂ ಸಿಗಲ್ಲ. ಆದರೆ ನಮ್ಮ ಜಿಲ್ಲೆಯ ಒಂದು ಸಂಗತಿ ನನಗೆ ಸರಿಯಾಗಿ ಅರ್ಥ ಆಗಿದ್ದು ಈ ಭಾಷೆಯಿಂದ. ಅದನ್ನ ಹೇಳೋಕೆ ಈ ಸಂಚಿಕೆ.

ಶಿವಮೊಗ್ಗ ನಗರದಿಂದ ಹತ್ತು ಕಿಲೋಮೀಟರ್ ಒಳಗೇ ಮತ್ತೂರು ಇದೆ. ತುಂಗಾ ನದಿಯ ದಡ, ಆಚೆ ದಡದಲ್ಲಿ ಹೊಸಹಳ್ಳಿ. ಮತ್ತೂರು ಅಂದ್ರೆ ಎಲ್ಲರಿಗೂ ಗೊತ್ತು, ಸಂಸ್ಕೃತ ಗ್ರಾಮ. ಟೀವಿಯವರು ಬರ್ತಾರೆ, ಯೂಟ್ಯೂಬ್‌ನವರು ಬರ್ತಾರೆ, ವಿದೇಶಿ ವಿದ್ಯಾರ್ಥಿಗಳು ಬರ್ತಾರೆ. ಎಲ್ಲರೂ ಸಂಸ್ಕೃತದಲ್ಲಿ ಒಂದು ವಾಕ್ಯ ಕೇಳಿಸಿಕೊಂಡು, ವಿಡಿಯೊ ಮಾಡಿಕೊಂಡು ಹೋಗ್ತಾರೆ. ಆದರೆ ಅದೇ ಊರಿನ ಬಹಳಷ್ಟು ಮನೆಗಳಲ್ಲಿ ಅಮ್ಮ ಮಗುವನ್ನ ಊಟಕ್ಕೆ ಕರೆಯೋದು, ಅಜ್ಜಿ ಮೊಮ್ಮಗನನ್ನ ಬೈಯೋದು ಇನ್ನೊಂದು ಭಾಷೆಯಲ್ಲಿ. ಅದರ ಹೆಸರು ಸಂಕೇತಿ. ಕ್ಯಾಮೆರಾ ಆ ಭಾಷೆಯ ಹತ್ತಿರ ಹೋಗೋದು ಕಡಿಮೆ.

ದೇವರ ಮುಂದೆ ಒಂದು ಭಾಷೆ, ಒಲೆ ಮುಂದೆ ಇನ್ನೊಂದು. ಯಿಡ್ಡಿಶ್ ಆಡುವವರ ಮನೆಯೂ ಹೀಗೇ ಇತ್ತು. ಪ್ರಾರ್ಥನೆ, ಶಾಸ್ತ್ರ, ಪಾಂಡಿತ್ಯ ಎಲ್ಲ ಹೀಬ್ರೂವಿನಲ್ಲಿ. ಅದನ್ನ ಅವರು 'ಲೋಶ್ನ್-ಕೋಯ್ದೆಶ್' ಅಂತಿದ್ರು, ಅಂದ್ರೆ ಪವಿತ್ರ ಭಾಷೆ. ಮನೆ, ಸಂತೆ, ಜಗಳ, ಜೋಗುಳ ಎಲ್ಲ ಯಿಡ್ಡಿಶ್‌ನಲ್ಲಿ. ಅದು 'ಮಾಮೆ-ಲೋಶ್ನ್', ಅಮ್ಮನ ಭಾಷೆ.

ಮೊದಲ ವಾರದ ಪಾಠ

ಮೊದಲು ನಮಸ್ಕಾರ ಹೇಳೋದನ್ನ ಕಲಿಯೋಣ. ಯಿಡ್ಡಿಶ್‌ನಲ್ಲಿ ಒಬ್ಬರು 'ಶೋಲೆಮ್ ಆಲೇಯ್ಖೆಮ್' ಅಂದ್ರೆ, ಎದುರಿನವರು ಅದನ್ನೇ ತಿರುಗಿಸಿ 'ಆಲೇಯ್ಖೆಮ್ ಶೋಲೆಮ್' ಅನ್ನಬೇಕು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಓಡಾಡಿದ ಯಾರಿಗೂ ಇದು ಹೊಸದಲ್ಲ. 'ಅಸ್ಸಲಾಮು ಅಲೈಕುಂ', 'ವ ಅಲೈಕುಂ ಅಸ್ಸಲಾಂ'. ಹೀಬ್ರೂ, ಅರಬ್ಬಿ ಒಂದೇ ಕುಟುಂಬದ ಭಾಷೆಗಳು, ಹಾಗಾಗಿ ಈ ಎರಡು ವಂದನೆಗಳು ಅಕ್ಕ ತಂಗಿಯರು. ಯಿಡ್ಡಿಶ್‌ನ ಬಹುದೊಡ್ಡ ಕತೆಗಾರರೊಬ್ಬರು ಈ ವಂದನೆಯನ್ನೇ ತಮ್ಮ ಕಾವ್ಯನಾಮ ಮಾಡಿಕೊಂಡ್ರು: ಶೋಲೆಮ್ ಆಲೇಯ್ಖೆಮ್.

ಇನ್ನು ಲಿಪಿ. ಬಲದಿಂದ ಎಡಕ್ಕೆ, ಹೀಬ್ರೂ ಅಕ್ಷರಗಳು, ಒಟ್ಟು 22. ಹೀಬ್ರೂವಿನಲ್ಲಿ ಸ್ವರಗಳನ್ನ ಸಾಮಾನ್ಯವಾಗಿ ಬರೆಯಲ್ಲ. ಕಾಗುಣಿತ ಇಲ್ಲದ ಕನ್ನಡ ಊಹಿಸಿಕೊಳ್ಳಿ, ಹಾಗಿರುತ್ತೆ. ಯಿಡ್ಡಿಶ್‌ನವರು ಕೆಲವು ಅಕ್ಷರಗಳನ್ನ ಸ್ವರಕ್ಕೆ ಅಂತ ಮೀಸಲಿಟ್ಟರು. ಹಾಗಾಗಿ ಕನ್ನಡದವರಿಗೆ ಹೀಬ್ರೂಗಿಂತ ಯಿಡ್ಡಿಶ್ ಓದೋದು ಸುಲಭ. ಆದರೆ ಒಂದು ತೊಡಕಿದೆ. ಹೀಬ್ರೂವಿನಿಂದ ಬಂದ ಪದಗಳನ್ನ ಮಾತ್ರ ಹೀಬ್ರೂ ಥರಾನೇ ಬರೀಬೇಕು, ಓದೋದು ಮಾತ್ರ ಮನೆಯ ಥರ. ನಾವು 'ಯಜಮಾನ' ಅಂತ ಬರೆದು 'ಎಜ್ಮಾನ' ಅಂತ ಓದಿದ ಹಾಗೆ. ಸೋವಿಯತ್ ಒಕ್ಕೂಟದಲ್ಲಿ ಈ ನಿಯಮವನ್ನೇ ತೆಗೆದು, ಎಲ್ಲವನ್ನೂ ಉಚ್ಚಾರದ ಹಾಗೇ ಬರೆಯೋ ಪದ್ಧತಿ ತಂದ್ರು. ಪವಿತ್ರ ಭಾಷೆಯ ಗುರುತು ಕಾಗದದ ಮೇಲೂ ಉಳೀಬಾರದು ಅನ್ನೋದು ಅದರ ಹಿಂದಿನ ರಾಜಕೀಯ.

ಈಗ ಒಂದು ವಾಕ್ಯ. 'ದಿ ಬೋಬೆ ಕೋಖ್ಟ್ ಚೋಲಂಟ್ ಆಫ್ ಶಾಬೆಸ್.' ಅಜ್ಜಿ ಶಾಬೆಸ್‌ಗೆ ಚೋಲಂಟ್ ಬೇಯಿಸ್ತಾಳೆ. ಬೋಬೆ, ಅಂದ್ರೆ ಅಜ್ಜಿ, ಸ್ಲಾವ್ ಭಾಷೆಗಳಿಂದ ಬಂದ ಪದ. ಕೋಖ್ಟ್ ಜರ್ಮನ್ ಕಡೆಯದು. ಚೋಲಂಟ್ ಹಳೆಯ ಫ್ರೆಂಚ್ ಕಡೆಯದು. ಶಾಬೆಸ್ ಹೀಬ್ರೂ, ವಾರದ ವಿಶ್ರಾಂತಿ ದಿನ. ಒಂದು ವಾಕ್ಯದಲ್ಲಿ ನಾಲ್ಕು ದೇಶ. ನಾವೇನು ಕಡಿಮೆ? 'ಅಜ್ಜಿ ಭಾನುವಾರ ಕುಕ್ಕರ್‌ನಲ್ಲಿ ಪಲಾವ್ ಮಾಡ್ತಾಳೆ' ಅನ್ನಿ. ಸಂಸ್ಕೃತ, ಇಂಗ್ಲಿಷ್, ಪಾರ್ಸಿ, ಕನ್ನಡ, ಎಲ್ಲ ಒಂದೇ ಕುಕ್ಕರ್‌ನಲ್ಲಿ ಬೆಂದಿವೆ.

ಚೋಲಂಟ್ ಅಂದ್ರೇನು ಅಂತ ತಿಳಿಯದೆ ಈ ವಾಕ್ಯ ಅರ್ಥ ಆಗಲ್ಲ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಕತ್ತಲಾಗೋವರೆಗೂ ಸಂಪ್ರದಾಯಸ್ಥ ಯಹೂದಿಗಳು ಬೆಂಕಿ ಹಚ್ಚೋ ಹಾಗಿಲ್ಲ. ಆದರೂ ಶನಿವಾರ ಮಧ್ಯಾಹ್ನ ಬಿಸಿ ಊಟ ಬೇಕಲ್ಲ? ಅದಕ್ಕೆ ಕಾಳು, ಬಾರ್ಲಿ, ಆಲೂಗಡ್ಡೆ, ಮಾಂಸ ಎಲ್ಲ ಪಾತ್ರೆಗೆ ಹಾಕಿ, ಶುಕ್ರವಾರ ಸಂಜೆಯೇ ಒಲೆಗೆ ಇಟ್ಟುಬಿಡ್ತಾರೆ. ರಾತ್ರಿಯೆಲ್ಲ ಸಣ್ಣ ಕಾವಿನಲ್ಲಿ ಬೇಯ್ತಾ ಇರುತ್ತೆ. ವ್ಯಾಕರಣ ಕಲಿಯೋಕೆ ಕೂತವನಿಗೆ ಮೊದಲು ಸಿಕ್ಕಿದ್ದು ಅಡುಗೆಮನೆ.

ಇನ್ನೂ ಮೂರು ಪದ ಹೇಳ್ತೀನಿ. 'ಮೆಂಚ್' ಅಂದ್ರೆ ಮನುಷ್ಯ, ಒಳ್ಳೆ ಮನುಷ್ಯ ಅಂತಾನೂ ಅರ್ಥ. 'ಅವನೂ ಒಬ್ಬ ಮನುಷ್ಯನಾ?' ಅಂತ ನಾವು ಬೈಯ್ತೀವಲ್ಲ, ಆ ಮನುಷ್ಯ. 'ನೆಬೆಖ್' ಅಂದ್ರೆ 'ಪಾಪ!' ಬಡವರನ್ನ, ಸೋತವರನ್ನ ನೋಡಿ ನಾವು ಅನ್ನೋ ಪಾಪ. ಸಂಸ್ಕೃತದಲ್ಲಿ ಪಾಪ ಅಂದ್ರೆ ಲೆಕ್ಕ ಇಡೋ ತಪ್ಪು. ಕನ್ನಡದ ಮನೆಯೊಳಗೆ ಬಂದ ಮೇಲೆ ಅದು ಕರುಣೆಯೂ ಆಯ್ತು. ಮೂರನೆಯದು ಪುಸ್ತಕ. ಯಿಡ್ಡಿಶ್‌ನಲ್ಲಿ ಪುಸ್ತಕಕ್ಕೆ ಎರಡು ಪದ. ಧರ್ಮಗ್ರಂಥ ಆದ್ರೆ 'ಸೇಯ್ಫರ್', ಅದು ಹೀಬ್ರೂ. ಕತೆ ಕಾದಂಬರಿ ಆದ್ರೆ 'ಬುಖ್', ಅದು ಜರ್ಮನ್ ಕಡೆಯದು. ಯಾವುದು ಮೇಲಿನ ಶೆಲ್ಫು, ಯಾವುದು ಕೆಳಗಿನ ಶೆಲ್ಫು ಅಂತ ಭಾಷೆಯೇ ಹೇಳಿಬಿಡುತ್ತೆ.

ಕೆಳಗಿನ ಶೆಲ್ಫಿನ ಭಾಷೆ

ಯಿಡ್ಡಿಶ್ ಹುಟ್ಟಿದ್ದು ಸುಮಾರು ಸಾವಿರ ವರ್ಷದ ಹಿಂದೆ, ಜರ್ಮನಿಯ ರೈನ್ ನದಿ ಕಣಿವೆಯ ಯಹೂದಿ ಕೇರಿಗಳಲ್ಲಿ ಅನ್ನೋದು ಬಹುಮಟ್ಟಿಗೆ ಒಪ್ಪಿದ ಮಾತು. ಅವರು ಆಮೇಲೆ ಪೂರ್ವಕ್ಕೆ, ಪೋಲೆಂಡ್, ಲಿಥುವೇನಿಯ, ಉಕ್ರೇನ್ ಕಡೆ ಹೋದರು. ಹೋದಲ್ಲೆಲ್ಲ ಅಕ್ಕಪಕ್ಕದವರ ಪದ ಸೇರಿಕೊಂಡವು. ಬಹುಪಾಲು ಪದ ಜರ್ಮನ್ ಮೂಲದವು, ಆದರೆ ಜರ್ಮನ್ನರಿಗೆ ಅದು ಕೆಟ್ಟುಹೋದ ಜರ್ಮನ್. ಯಹೂದಿ ಪಂಡಿತರಿಗೆ ಅದು ಹೆಂಗಸರ ಮಾತು, ಓದು ಬಾರದವರ ಮಾತು. ಹೊಸ ವಿದ್ಯಾವಂತರಂತೂ ಅದನ್ನ 'ಜಾರ್ಗನ್' ಅಂತ ಕರೆದ್ರು. ಅದಕ್ಕೊಂದು ಹೆಸರಿಡೋ ಮರ್ಯಾದೆಯೂ ಇಲ್ಲ.

ಆದರೆ ಆ 'ಹೆಂಗಸರ ಮಾತೇ' ಭಾಷೆಯನ್ನ ಕಾಪಾಡಿದ್ದು. ಹೀಬ್ರೂ ಶಾಲೆಗೆ ಹುಡುಗರು ಮಾತ್ರ ಹೋಗ್ತಿದ್ದ ಕಾಲ. ಹೆಣ್ಣುಮಕ್ಕಳಿಗಾಗಿ ಬೈಬಲ್ ಕತೆಗಳನ್ನ ಯಿಡ್ಡಿಶ್‌ನಲ್ಲಿ ಹೇಳೋ 'ತ್ಸೆನೆ-ರೆನೆ' ಅನ್ನೋ ಪುಸ್ತಕ 17ನೇ ಶತಮಾನದಿಂದ ಮನೆಮನೆಯಲ್ಲೂ ಇತ್ತು. 1691ರಲ್ಲಿ ಗ್ಲಿಕಲ್ ಅನ್ನೋ ವ್ಯಾಪಾರಿ ಹೆಂಗಸು, ಗಂಡ ತೀರಿಕೊಂಡ ಮೇಲೆ, ತನ್ನ ಬದುಕನ್ನ, ವ್ಯವಹಾರವನ್ನ ಯಿಡ್ಡಿಶ್‌ನಲ್ಲೇ ಬರೆಯೋಕೆ ಶುರು ಮಾಡಿದಳು. ಆ ಬರಹ ಇವತ್ತಿಗೂ ಚರಿತ್ರೆಕಾರರಿಗೆ ಆಧಾರ. 1864ರಲ್ಲಿ ಅಬ್ರಮೊವಿಚ್ ಅನ್ನೋ ಹೀಬ್ರೂ ಲೇಖಕ, ಓದುಗರು ಇರೋದು ಯಿಡ್ಡಿಶ್‌ನಲ್ಲಿ ಅಂತ ಈ ಕಡೆ ಹೊರಳಿದ. ಮೆಂಡೆಲೆ ಅನ್ನೋ ಹೆಸರಿನಲ್ಲಿ ಆತ ಬರೆದದ್ದರಿಂದ ಆಧುನಿಕ ಯಿಡ್ಡಿಶ್ ಸಾಹಿತ್ಯ ಶುರುವಾಯ್ತು.

1908ರ ಆಗಸ್ಟ್ ಕೊನೆಯಲ್ಲಿ, ಇವತ್ತಿನ ಉಕ್ರೇನ್‌ನಲ್ಲಿರೋ ಚೆರ್ನೊವಿಟ್ಸ್ ಊರಲ್ಲಿ ಯಿಡ್ಡಿಶ್‌ಗಾಗಿ ಒಂದು ಸಮ್ಮೇಳನ ನಡೀತು. ಅಲ್ಲಿ ದೊಡ್ಡ ಜಗಳ ಆಗಿದ್ದು ಒಂದು ಸಣ್ಣ ಪದಕ್ಕೆ. ಯಿಡ್ಡಿಶ್ ಯಹೂದಿಗಳ 'ರಾಷ್ಟ್ರಭಾಷೆಯೇ' ಅನ್ನಬೇಕೋ, 'ಒಂದು ರಾಷ್ಟ್ರಭಾಷೆ' ಅನ್ನಬೇಕೋ? ಕೊನೆಗೆ 'ಒಂದು' ಗೆದ್ದಿತು. ಹೀಬ್ರೂವನ್ನ ಕೆಳಗಿಳಿಸದೆ ಅಮ್ಮನ ಭಾಷೆಗೂ ಒಂದು ಕುರ್ಚಿ ಹಾಕಿದ್ರು. ನನಗೆ ಈ ಇಡೀ ಇತಿಹಾಸದಲ್ಲಿ ತುಂಬಾ ಇಷ್ಟವಾದ ಪದ ಆ 'ಒಂದು'.

ತುಂಗೆಯ ದಡದ ಸಂಕೇತಿ

ಈಗ ವಾಪಸ್ ಮತ್ತೂರಿಗೆ. ಸಂಕೇತಿಗಳ ಪೂರ್ವಿಕರು ಶತಮಾನಗಳ ಹಿಂದೆ ತಮಿಳುನಾಡು–ಕೇರಳ ಗಡಿಯ ಸೆಂಗೋಟ್ಟೈ ಕಡೆಯಿಂದ ಬಂದವರು. ನಾಚಾರಮ್ಮ ಅನ್ನೋ ವಿದುಷಿಗೆ ಊರಿನವರು ಅವಮಾನ ಮಾಡಿದ್ರು, ಆಕೆ ಊರನ್ನೇ ಬಿಟ್ಟು ಹೊರಟಳು, ಆಕೆಯ ಜೊತೆ ಹೊರಟವರು ನಾವು ಅನ್ನೋದು ಅವರ ಮನೆಗಳಲ್ಲಿ ಹೇಳಿಕೊಂಡು ಬಂದ ಕತೆ. ಒಂದು ಸಮುದಾಯ ತನ್ನ ಆರಂಭವನ್ನ ಒಬ್ಬ ಓದಿದ ಹೆಂಗಸಿನ ಸಿಟ್ಟಿನಲ್ಲಿ ಇಟ್ಟುಕೊಂಡಿದೆ, ಗಮನಿಸಿ. ಹಾಸನ ಕಡೆಯ ಕೌಶಿಕ, ಪಿರಿಯಾಪಟ್ಟಣ ಹತ್ತಿರದ ಬೆಟ್ಟದಪುರ, ಕಾವೇರಿ ದಡದ ರುದ್ರಪಟ್ಟಣ, ನಮ್ಮ ಮತ್ತೂರು, ಹೊಸಹಳ್ಳಿ, ಹೀಗೆ ನೆಲೆ ನಿಂತರು.

ಅವರ ಭಾಷೆಯಲ್ಲಿ ಬುಡ ತಮಿಳಿನದು, ಮಲಯಾಳದ ನೆರಳಿದೆ, ಕನ್ನಡ ದಂಡಿಯಾಗಿ ಸೇರಿದೆ, ಸಂಸ್ಕೃತ ಪದಗಳಿಗಂತೂ ಲೆಕ್ಕ ಇಲ್ಲ. ಸ್ವಂತ ಲಿಪಿ ಇಲ್ಲ, ಬರೆದ್ರೆ ಕನ್ನಡ ಲಿಪಿ. ತಮಿಳರಿಗೆ ಅದು ವಿಚಿತ್ರ ತಮಿಳು, ಕನ್ನಡಿಗರಿಗೆ ಅರ್ಧ ಅರ್ಥ ಆಗೋ ಏನೋ ಒಂದು. ಯಿಡ್ಡಿಶ್‌ನ ಪಾಡೇ.

ಈ ಮನೆಗಳಿಂದ ಹೊರಗೆ ಬಂದ ಕೀರ್ತಿ ಎಲ್ಲ ಬೇರೆ ಭಾಷೆಗಳಿಗೆ ಸೇರಿತು. ರುದ್ರಪಟ್ಟಣದ ಆರ್.ಕೆ. ಶ್ರೀಕಂಠನ್ ಕರ್ನಾಟಕ ಸಂಗೀತಕ್ಕೆ ಹೆಸರಾದರು. ಮತ್ತೂರು ಕೃಷ್ಣಮೂರ್ತಿ ಗಮಕಿಯಾಗಿ, ಲಂಡನ್ನಿನ ಭಾರತೀಯ ವಿದ್ಯಾಭವನ ಕಟ್ಟಿದವರಲ್ಲಿ ಒಬ್ಬರಾಗಿ ಹೆಸರಾದರು. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು, ಅವರು ಹಾಡಿದ್ದು ಕನ್ನಡ ಕಾವ್ಯ. ವೇದಿಕೆಗೆ ಸಂಸ್ಕೃತ, ಕನ್ನಡ. ಸಂಕೇತಿ ಮನೆಯಲ್ಲೇ ಉಳೀತು.

ಎರಡು ಇಸವಿ ಪಕ್ಕಪಕ್ಕ ಇಡ್ತೀನಿ. 1881ರಲ್ಲಿ ಎಲಿಯೇಜರ್ ಬೆನ್-ಯೆಹೂದಾ ಪ್ಯಾಲೆಸ್ತೀನಿಗೆ ಹೋಗಿ, ಹೀಬ್ರೂವನ್ನ ಮತ್ತೆ ದಿನದ ಮಾತಾಗಿ ಮಾಡ್ತೀನಿ ಅಂತ ಹೊರಟ. 1981ರಲ್ಲಿ ಮತ್ತೂರಿನಲ್ಲಿ ಹತ್ತು ದಿನದ ಸಂಸ್ಕೃತ ಸಂಭಾಷಣಾ ಶಿಬಿರ ನಡೀತು, ಅಲ್ಲಿಂದ ಊರಿಗೆ ಇವತ್ತಿನ ಹೆಸರು ಬಂತು. ನೂರು ವರ್ಷ ಅಂತರ, ಆಸೆ ಒಂದೇ: ಗ್ರಂಥದ ಭಾಷೆಯನ್ನ ನಾಲಿಗೆಗೆ ತರೋದು. ಪ್ಯಾಲೆಸ್ತೀನಿನಲ್ಲಿ ಆ ಆಸೆಗೆ ಯಿಡ್ಡಿಶ್ ಅಡ್ಡ ಬಂತು ಅಂತ ಅನ್ನಿಸ್ತು. 1923ರಲ್ಲಿ 'ಭಾಷಾ ರಕ್ಷಕರ ದಳ' ಅಂತ ಒಂದು ಗುಂಪು ಹುಟ್ಟಿಕೊಂಡು, ಬೀದಿಯಲ್ಲಿ ಯಿಡ್ಡಿಶ್ ಮಾತಾಡುವವರನ್ನ ಗದರಿಸಿತು, ಸಭೆ, ಸಿನಿಮಾ ತಡೆಯೋಕೆ ಹೋಯ್ತು. ಮತ್ತೂರಿನಲ್ಲಿ ಅಂಥ ಜಗಳ ಇಲ್ಲ. ಅಲ್ಲಿ ಸಂಸ್ಕೃತ, ಸಂಕೇತಿ, ಕನ್ನಡ ಮೂರೂ ಒಂದೇ ಜಗುಲಿ ಮೇಲೆ ಕೂರುತ್ತವೆ. ಆದರೆ ಶಿಬಿರ, ಶಾಲೆ, ಫೋಟೊ ಎಲ್ಲ ಒಂದಕ್ಕೆ. ಇನ್ನೊಂದು ಹೇಗೂ ಇರುತ್ತೆ ಅನ್ನೋ ನಂಬಿಕೆ. ಮಕ್ಕಳು ಬೆಂಗಳೂರಿಗೆ, ಅಮೆರಿಕಕ್ಕೆ ಹೋದಾಗ ಮೊದಲು ಬಿಟ್ಟುಹೋಗೋದು ಆ ಹೇಗೂ ಇರುವ ಭಾಷೆ.

ಭದ್ರಾವತಿಯ ಕ್ವಾರ್ಟರ್ಸ್

ಇದು ಬರೀ ಸಂಕೇತಿಗಳ ಕತೆಯಾಗಿದ್ರೆ ನಾನು ಇಷ್ಟು ತಲೆ ಕೆಡಿಸಿಕೊಳ್ತಿರಲಿಲ್ಲ. ನಮ್ಮ ಭದ್ರಾವತಿ, ಹಿಂದಿನ ಬೆಂಕಿಪುರ, ಕಾರ್ಖಾನೆಯಿಂದ ಬೆಳೆದ ಊರು. 1918ರಲ್ಲಿ ಮೈಸೂರು ಸಂಸ್ಥಾನ ಇಲ್ಲಿ ಕಬ್ಬಿಣದ ಕಾರ್ಖಾನೆ ಶುರು ಮಾಡ್ತು, 1923ರಲ್ಲಿ ಕುಲುಮೆ ಹೊತ್ತಿಕೊಂಡಿತು, 1930ರ ದಶಕದಲ್ಲಿ ಕಾಗದ ಕಾರ್ಖಾನೆ ಬಂತು. ಕೆಲಸಕ್ಕೆ ತಮಿಳರು, ತೆಲುಗರು, ಮಲಯಾಳಿಗಳು, ಉರ್ದು ಮಾತಾಡುವವರು ಎಲ್ಲ ಬಂದರು. ಕ್ವಾರ್ಟರ್ಸಿನ ಒಂದು ಸಾಲಿನಲ್ಲಿ ನಾಲ್ಕು ಭಾಷೆ, ನಲ್ಲಿ ಹತ್ತಿರ ಜಗಳಕ್ಕೆ ಮಾತ್ರ ಕನ್ನಡ.

ಯಿಡ್ಡಿಶ್‌ಗೂ ಕಾರ್ಖಾನೆಯ ಕತೆ ಇದೆ. ನ್ಯೂಯಾರ್ಕಿನ ಬಟ್ಟೆ ಕಾರ್ಖಾನೆಗಳಿಗೆ ಲಕ್ಷಾಂತರ ಯಿಡ್ಡಿಶ್ ಮಾತಿನವರು ಹೋದ್ರು. 1897ರಲ್ಲಿ ಅಲ್ಲಿ 'ಫೋರ್‌ವರ್ಟ್ಸ್' ಅನ್ನೋ ಯಿಡ್ಡಿಶ್ ಪತ್ರಿಕೆ ಶುರುವಾಯ್ತು. ಅದರ ಏಳಿಗೆಯ ಕಾಲದಲ್ಲಿ ದಿನಕ್ಕೆ 2 ಲಕ್ಷಕ್ಕೂ ಹೆಚ್ಚು ಪ್ರತಿ ಹೋಗ್ತಿತ್ತು. 1906ರಿಂದ ಅದರಲ್ಲಿ ಓದುಗರ ಪತ್ರಗಳ ಅಂಕಣ ಇತ್ತು. ಕೆಲಸ ಹೋಯ್ತು, ಗಂಡ ಬಿಟ್ಟುಹೋದ, ಮಗಳು ಮಾತು ಕೇಳಲ್ಲ, ಏನು ಮಾಡಲಿ ಅಂತ ಕಾರ್ಮಿಕರು ಬರೀತಿದ್ರು, ಸಂಪಾದಕರು ಉತ್ತರ ಕೊಡ್ತಿದ್ರು. ಆ ಮಕ್ಕಳೇ ಮುಂದೆ ಇಂಗ್ಲಿಷ್‌ಗೆ ಹೊರಳಿದ್ರು. ಯಾರೂ ಬಲವಂತ ಮಾಡಲಿಲ್ಲ, ಸ್ಕೂಲು, ಸಂಬಳ ಸಾಕಾಯ್ತು.

ನಮ್ಮ ಮನೇಲೂ ಮೂರು ತಲೆಮಾರಿನಲ್ಲಿ ಹಾಗೇ ಆಯ್ತು. ಕಾರ್ಖಾನೆ ಕೆಲಸಕ್ಕೆ ಬಂದ ತಾತನ ಜೊತೆ ಬಂದ ಅಜ್ಜಿಗೆ ತಮಿಳು. ಅಪ್ಪನಿಗೆ ಎರಡೂ. ನನಗೆ ಕನ್ನಡ, ಜೊತೆಗೆ ಅಜ್ಜಿಯ ಒಂದು ಇಪ್ಪತ್ತು ಪದ: ತಿಂಡಿ, ನೆಂಟಸ್ತಿಕೆ, ಬೈಗುಳ. ತಮಿಳು ಸಾಯಲ್ಲ ಬಿಡಿ, ಅದಕ್ಕೊಂದು ರಾಜ್ಯ ಇದೆ, ಸಿನಿಮಾ ಇದೆ. ಆದರೆ ಅಜ್ಜಿ ಆಡ್ತಿದ್ದ ತಮಿಳು ಚೆನ್ನೈನಲ್ಲಿ ಇಲ್ಲ. ಅದರಲ್ಲಿ 'ಶಿಫ್ಟು', 'ಬಟವಾಡೆ' ಎಲ್ಲ ಸೇರಿ, ಕನ್ನಡದ ರಾಗ ಬಂದಿತ್ತು. ಅದು ಇದ್ದದ್ದು ಈ ಕ್ವಾರ್ಟರ್ಸುಗಳಲ್ಲಿ ಮಾತ್ರ. ಕಾಗದ ಕಾರ್ಖಾನೆ ಕಳೆದ ದಶಕದಲ್ಲೇ ನಿಂತಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆ ಮುಚ್ಚೋ ತೀರ್ಮಾನದ ಸುದ್ದಿ ಬಂದಾಗ ಊರೆಲ್ಲ ಕೆಲಸದ ಬಗ್ಗೆ ಮಾತಾಡ್ತು, ಆಡಲೇಬೇಕು. ಜನ ಚದುರಿದ್ರೆ ಆ ಮಾತುಗಳೂ ಚದುರುತ್ತವೆ ಅನ್ನೋದು ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಬರಲ್ಲ.

ನಮ್ಮ ತೀರ್ಥಹಳ್ಳಿ ಕಡೆಯ ಯು.ಆರ್. ಅನಂತಮೂರ್ತಿ ಮನೆಮಾತು, ಬೀದಿಮಾತು, ಅಟ್ಟದ ಮಾತು ಅಂತ ಮೂರು ವಿಂಗಡಣೆ ಮಾಡ್ತಿದ್ರು. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಇಬ್ಬರೂ ಕನ್ನಡದ ದೊಡ್ಡ ಲೇಖಕರು. ಮನೆಮಾತು ಉಳಿಸಿಕೊಂಡವರು ಬೀದಿಮಾತಿಗೆ ದ್ರೋಹ ಮಾಡಲಿಲ್ಲ, ಅದನ್ನ ಶ್ರೀಮಂತ ಮಾಡಿದ್ರು.

ಉಳಿದದ್ದು ಹೇಗೆ

ಎರಡನೇ ಮಹಾಯುದ್ಧಕ್ಕೆ ಮುಂಚೆ ಯಿಡ್ಡಿಶ್ ಮಾತಾಡುವವರು ಒಂದು ಕೋಟಿಗೂ ಹೆಚ್ಚು. ನಾಜಿಗಳು ಕೊಂದ 60 ಲಕ್ಷ ಯಹೂದಿಗಳಲ್ಲಿ ಹೆಚ್ಚಿನವರ ಮಾತು ಯಿಡ್ಡಿಶ್. ಉಳಿದ ಸಾಹಿತಿಗಳಲ್ಲಿ ಕೆಲವರನ್ನ 1952ರ ಆಗಸ್ಟ್ 12ರ ರಾತ್ರಿ ಮಾಸ್ಕೋದಲ್ಲಿ ಸ್ಟಾಲಿನ್ ಆಡಳಿತ ಗುಂಡಿಟ್ಟು ಕೊಂದಿತು. ನಮ್ಮ ಊರಿನ ಯಾವ ಭಾಷೆಗೂ ಇಂಥದ್ದು ಆಗಿಲ್ಲ. ನಮ್ಮ ಭಾಷೆಗಳು ಸವೆಯೋದು ನೆಮ್ಮದಿಯಲ್ಲಿ, ಮಗು ಇಂಗ್ಲಿಷ್‌ನಲ್ಲಿ ಉತ್ತರ ಕೊಟ್ಟಾಗ ನಾವು ಚಪ್ಪಾಳೆ ತಟ್ಟುವಾಗ.

ಅದಕ್ಕೇ ಆ ಸಾವಿನಿಂದ ಎದ್ದು ಬಂದವರು ಏನು ಮಾಡಿದ್ರು ಅನ್ನೋದು ನಮಗೆ ಪಾಠ. 1925ರಲ್ಲಿ ವಿಲ್ನಾದಲ್ಲಿ ಶುರುವಾದ ಯಿವೊ ಸಂಸ್ಥೆ, ಊರೂರಿನ ಸಾಮಾನ್ಯ ಜನರಿಗೆ ನಿಮ್ಮ ಗಾದೆ, ಹಾಡು, ಪದ ಬರೆದು ಕಳಿಸಿ ಅಂತ ಕೇಳಿಕೊಂಡಿತು. ಯುದ್ಧದಲ್ಲಿ ಅದರ ಕೇಂದ್ರ ನ್ಯೂಯಾರ್ಕಿಗೆ ಹೋಯ್ತು. ಅದರ ಹಿರಿಯ ಮ್ಯಾಕ್ಸ್ ವೈನ್‌ರೈಖ್. ಸೈನ್ಯ, ನೌಕಾಪಡೆ ಇರೋ ಉಪಭಾಷೆಯನ್ನೇ ಭಾಷೆ ಅಂತಾರೆ ಅನ್ನೋ ಮಾತು ಜಗತ್ತಿಗೆ ಗೊತ್ತಾಗಿದ್ದು ಅವರ ಬರಹದಿಂದ. ಅವರಿಗೆ ಅದನ್ನ ಹೇಳಿದ್ದು ಉಪನ್ಯಾಸ ಕೇಳೋಕೆ ಬಂದ ಒಬ್ಬ ಹೈಸ್ಕೂಲ್ ಮೇಷ್ಟ್ರು. ಅವರ ಮಗ ಉರಿಯೆಲ್ 1949ರಲ್ಲಿ 'ಕಾಲೇಜ್ ಯಿಡ್ಡಿಶ್' ಅನ್ನೋ ಪಠ್ಯಪುಸ್ತಕ ತಂದ. ಆಗ ಅವನಿಗೆ ವಯಸ್ಸು ಸುಮಾರು 23. ನನಗಿಂತ ಚಿಕ್ಕವನು! ವ್ಯಾಕರಣದ ಜೊತೆಗೇ ಹಬ್ಬ, ಊರು, ಇತಿಹಾಸದ ಓದನ್ನ ಸೇರಿಸಿದ ಆ ಪುಸ್ತಕದಿಂದ ತಲೆಮಾರುಗಳು ಕಲಿತಿವೆ.

1980ರಲ್ಲಿ ಅಮೆರಿಕದ ಆರನ್ ಲ್ಯಾನ್ಸ್ಕಿ ಅನ್ನೋ ಯುವಕ, ಸತ್ತವರ ಮನೆಗಳಿಂದ ಕಸಕ್ಕೆ ಹೋಗ್ತಿದ್ದ ಯಿಡ್ಡಿಶ್ ಪುಸ್ತಕ ಎತ್ತಿಕೊಂಡು ಬರೋಕೆ ಒಂದು ಕೇಂದ್ರ ಮಾಡಿದ. ಉಳಿದಿರೋದು 70 ಸಾವಿರ ಪುಸ್ತಕ ಇರಬಹುದು ಅಂತ ಪಂಡಿತರ ಅಂದಾಜು. ಸಿಕ್ಕಿದ್ದು ಹತ್ತು ಲಕ್ಷಕ್ಕೂ ಹೆಚ್ಚು. ಇನ್ನೊಂದು ಕಡೆ, ಯಾವ ಸಮ್ಮೇಳನವೂ ಮಾಡದ ಬ್ರೂಕ್ಲಿನ್‌ನ ಹಸೀದಿ ಯಹೂದಿಗಳ ಮನೆಗಳಲ್ಲಿ ಯಿಡ್ಡಿಶ್ ಇವತ್ತು ಮಕ್ಕಳ ಬಾಯಲ್ಲಿ ಬೆಳೀತಾ ಇದೆ. ಅವರು ಅದನ್ನ ಹೊಗಳೋದಿಲ್ಲ, ಮಾತಾಡ್ತಾರೆ, ಅಷ್ಟೆ.

ಸಂಕೇತಿ ಬಗ್ಗೆ ಅಧ್ಯಯನಗಳು ಬಂದಿವೆ. ಆದರೆ ಅಧ್ಯಯನ ಬೇರೆ, ಪಾಠ ಬೇರೆ. ಅಧ್ಯಯನ ಭಾಷೆ ಹೇಗಿದೆ ಅಂತ ಪಂಡಿತರಿಗೆ ಹೇಳುತ್ತೆ. ಪಾಠ ಒಂಬತ್ತು ವರ್ಷದ ಮಗುವಿಗೆ 'ಬಾ, ಕೂತ್ಕೋ, ಊಟ ಮಾಡು' ಅನ್ನೋದನ್ನ ಕಲಿಸುತ್ತೆ. ಮತ್ತೂರಿನಲ್ಲಿ ಸಂಸ್ಕೃತಕ್ಕೆ ಹತ್ತು ದಿನದ ಶಿಬಿರ ಮಾಡೋಕೆ ಆಗಿದ್ರೆ, ಸಂಕೇತಿಗೆ ಎರಡು ದಿನದ್ದು ಮಾಡೋಕೆ ಏನು ಅಡ್ಡಿ? ಭದ್ರಾವತಿಯ ತಮಿಳು, ತೆಲುಗಿಗೆ, ಶಿವಮೊಗ್ಗದ ದಖನಿಗೆ, ಸುತ್ತಲ ತಾಂಡಾಗಳ ಲಂಬಾಣಿಗೆ? ಲಿಪಿ ಇಲ್ಲ ಅನ್ನೋದು ನೆಪ. ಯಿಡ್ಡಿಶ್ ಇಡೀ ಸಾಹಿತ್ಯ ಬರೆದದ್ದು ಎರವಲು ಲಿಪಿಯಲ್ಲಿ, ಆ ಸಾಹಿತ್ಯಕ್ಕೆ 1978ರಲ್ಲಿ ಐಸಾಕ್ ಬಾಷೆವಿಸ್ ಸಿಂಗರ್ ಮೂಲಕ ನೊಬೆಲ್ಲೂ ಬಂತು. ನಮ್ಮ ಹತ್ತಿರ ಕನ್ನಡ ಅಕ್ಷರ ಇದೆ, ಫೋನ್‌ನಲ್ಲಿ ರೆಕಾರ್ಡರ್ ಇದೆ.

ಕೇಳುಗರಿಗೆ ಒಂದು ಕೆಲಸ ಕೊಡ್ತೀನಿ. ಈ ವಾರ ನಿಮ್ಮ ಮನೆಯ ಹಿರಿಯರ ಹತ್ತಿರ ಕೂತು, ಮನೆಮಾತಿನ ಹತ್ತು ಪದ ಕೇಳಿ. ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ, ಪಕ್ಕದಲ್ಲಿ ಯಾವ ಸಂದರ್ಭದಲ್ಲಿ ಆಡ್ತಾರೆ ಅಂತ ಒಂದು ಸಾಲು. ಅಡುಗೆಮನೆಯಿಂದ ಶುರು ಮಾಡಿ, ಬೈಗುಳ ಬಿಡಬೇಡಿ. ಅವರು ಒಪ್ಪಿದ್ರೆ ಧ್ವನಿಯನ್ನೂ ರೆಕಾರ್ಡ್ ಮಾಡಿ ಕಳಿಸಿ. ಸಂಕೇತಿ, ದಖನಿ, ಲಂಬಾಣಿ, ಕೊಂಕಣಿ, ಭದ್ರಾವತಿ ತಮಿಳು, ಯಾವುದಾದ್ರೂ ಸರಿ. ಬಂದವುಗಳಲ್ಲಿ ಕೆಲವನ್ನ ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ.

ಅಲ್ಲಿವರೆಗೂ, ಯಿಡ್ಡಿಶ್‌ನಲ್ಲಿ ಬೀಳ್ಕೊಡೋ ಹಾಗೆ, 'ಜಾಯ್ ಗೆಜುಂಟ್'. ನಮ್ಮ ಅಜ್ಜಿಯರು ಹೇಳೋದೂ ಅದನ್ನೇ: ಚೆನ್ನಾಗಿರಿ.